ಮನಸ್ಸಿನ ಕರಡು ತಿದ್ದುವವರು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋದ ವರ್ಷ ಮನೆಗೆ ಬಂದು ಬಹಳ ಹೊತ್ತು ಮಾತಿಲ್ಲದೆ ಕುಳಿತ. ಊಟ ಸೇರದು, ನಿದ್ರೆ ಬಾರದು, ಮಗುವಿನ ನಗುವೂ ಹಿತವೆನಿಸದು ಎಂದ. "ಮನಸ್ಸು ಗಟ್ಟಿ ಮಾಡಿಕೊಳ್ಳಪ್ಪ" ಎಂದು ಕಳುಹಿಸಿಬಿಟ್ಟೆ. ಕಾಲು ಮುರಿದವನಿಗೆ ಓಡೆಂದಂತಾಯಿತು ಅದು. ಎರಡು ತಿಂಗಳ ಮೇಲೆ ಅವನ ಹೆಂಡತಿಯೇ ಅವನನ್ನು ನಿಮ್ಹಾನ್ಸ್‌ಗೆ ಕರೆದೊಯ್ದಳು. ಆ ಅಳುಕಿನಿಂದಲೇ ನಾನು ಈ ವಿಷಯವನ್ನು ಓದತೊಡಗಿದ್ದು.

ನಮ್ಮ ಜೀವಕೋಶದ ಡಿಎನ್‌ಎ ಎಂಬ ಮೂಲಪ್ರತಿಯಲ್ಲಿ ಪ್ರೋಟೀನು ಕಟ್ಟುವ ಪಾಠವಿರುವುದು ನೂರಕ್ಕೆ ಎರಡು ಪಾಲಿಗಿಂತಲೂ ಕಡಮೆ. ಉಳಿದುದರಲ್ಲಿ ಬಹುಭಾಗವನ್ನು ವಿಜ್ಞಾನಿಗಳು ಬಹುಕಾಲ ಕಸವೆಂದೇ ಕರೆದರು. (ಅರ್ಥವಾಗದ ಪದ್ಯವನ್ನೆಲ್ಲ ಪ್ರಕ್ಷಿಪ್ತವೆಂದು ತಳ್ಳಿಹಾಕುವ ಚಪಲ ನಮ್ಮ ಸಂಪಾದಕರಲ್ಲಿಯೂ ಉಂಟು.) ಆದರೆ ಆ ಭಾಗದಿಂದಲೂ ಆರ್‌ಎನ್‌ಎ ಎಂಬ ನಕಲುಗಳು ಹೊರಡುತ್ತವೆ, ಅವು ಪ್ರೋಟೀನಾಗುವುದಿಲ್ಲ. ಅವುಗಳಲ್ಲಿ ತೀರ ಕಿರಿದಾದುದು ಸುಮಾರು 22 ಅಕ್ಷರಗಳ ಮೈಕ್ರೋ ಆರ್‌ಎನ್‌ಎ. 1993ರಲ್ಲಿ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಗುರುತಿಸಿದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರಿಗೆ ನೊಬೆಲ್ ಪುರಸ್ಕಾರ ಬಂದುದು 2024ರಲ್ಲಿ. ಅಚ್ಚುಕೂಟದಲ್ಲಿ ಕರಡು ತಿದ್ದುವವನು ತಾನೊಂದು ಸಾಲನ್ನೂ ಬರೆಯುವುದಿಲ್ಲ. ಆದರೆ ಯಾವ ಸಾಲು ಅಚ್ಚಾಗಬಾರದೆಂದು ಗೀಟು ಹಾಕುತ್ತಾನೆ. ಇದರ ಕೆಲಸವೂ ಅಂಥದೇ. ಪ್ರೋಟೀನಿನ ಸಂದೇಶವನ್ನು ಹೊತ್ತ ಆರ್‌ಎನ್‌ಎಗೆ ಅಂಟಿಕೊಂಡು ಅದನ್ನು ತಡೆಯುತ್ತದೆ.

ಖಿನ್ನತೆಗೂ ಇದಕ್ಕೂ ಏನು ನಂಟು? ಫ್ಲುಆಕ್ಸೆಟಿನ್ ಎಂಬ ಮದ್ದು, ಮಿದುಳಿನ ಸೆರೊಟೋನಿನ್ನನ್ನು ಮರಳಿ ಹೀರಿಕೊಳ್ಳುವ ಪ್ರೋಟೀನನ್ನು ತಡೆಯುತ್ತದೆಂಬುದು ಹಳೆಯ ತಿಳಿವಳಿಕೆ. ಅದು ಮಿಆರ್-16 ಎಂಬ ಕಿರುತುಣುಕನ್ನು ಹೆಚ್ಚಿಸಿ ಆ ಪ್ರೋಟೀನಿನ ತಯಾರಿಕೆಯನ್ನೇ ತಗ್ಗಿಸುತ್ತದೆಂದು 2010ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದರು. ಮಾತ್ರೆ ಹತ್ತಲು ವಾರಗಳೇ ಹಿಡಿಯುವುದಕ್ಕೆ ಬಹುಶಃ ಇದೂ ಒಂದು ಕಾರಣ. 2014ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದವರು, ಖಿನ್ನತೆಯಿಂದ ನರಳಿ ತೀರಿಕೊಂಡವರ ಮಿದುಳಿನಲ್ಲಿ ಮಿಆರ್-1202 ಕುಗ್ಗಿರುವುದನ್ನು ಕಂಡರು. ಇದು ಇಲಿಯಲ್ಲಿಲ್ಲ; ಮನುಷ್ಯ ಮತ್ತು ವಾನರ ಕುಲಕ್ಕೇ ಮೀಸಲು. ಮದ್ದಿಗೆ ಒಗ್ಗಿದ ರೋಗಿಗಳ ರಕ್ತದಲ್ಲಿ ಮೊದಲು ಕಡಮೆಯಿದ್ದ ಇದು ಚಿಕಿತ್ಸೆಯೊಡನೆ ಏರಿತು.

ಹಾಗೆಂದು ರಕ್ತ ಪರೀಕ್ಷಿಸಿ ಖಿನ್ನತೆಯನ್ನು ಹೇಳುವ ಕಾಲ ಇನ್ನೂ ಬಂದಿಲ್ಲ. ಬಂದಿದೆಯೆನ್ನುವ ಜಾಹೀರಾತನ್ನು ನಂಬಬೇಡಿ. ವೈದ್ಯರು ಇಂದಿಗೂ ಎದುರು ಕುಳಿತು ಕೇಳಿಯೇ ತಿಳಿಯಬೇಕು. ರಾತ್ರಿ ಪಾಳಿ, ಸಾಲ, ಒಂಟಿತನಗಳ ಪಾಲೂ ಇದರಲ್ಲಿದೆ. ಬಿಡದ ಒತ್ತಡ ಈ ಕಿರುತುಣುಕುಗಳನ್ನೇ ಏರುಪೇರು ಮಾಡುವುದನ್ನು ಪ್ರಾಣಿಗಳಲ್ಲಿ ಕಂಡಿದ್ದಾರೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಜೀವಮಾಹಿತಿಯನ್ನು ಗಣಕದಿಂದ ಓದುವ ಸಂಸ್ಥೆಗಳಿವೆ. ಅದೇ ಬೀದಿಗಳಲ್ಲಿ ಬೆಳಗಿನ ಜಾವ ಕಂಪನಿ ಬಸ್ಸಿನಿಂದ ಇಳಿಯುವ ಹುಡುಗರಿಗೆ ಆ ಓದಿನ ಫಲ ಎಂದು ಮುಟ್ಟೀತೋ! ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಖಿನ್ನತೆಯನ್ನು ಅನುಭವಿಸಿದವರು. ಚಿಕಿತ್ಸೆ ಸಿಗದವರೇ ಹೆಚ್ಚು. 2022ರಿಂದ ಸರ್ಕಾರದ ಟೆಲಿ ಮನಸ್ ಇದೆ. 14416ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ನನ್ನ ವಿದ್ಯಾರ್ಥಿ ಮೊನ್ನೆ ಮಗುವಿನೊಡನೆ ಬಂದಿದ್ದ. ಮಾತ್ರೆ ಇನ್ನೂ ನಡೆದಿದೆ. ಈ ಕತೆಯನ್ನೆಲ್ಲ ಕೇಳಿ, "ಹಾಗಾದರೆ ನಾನು ಕೈಲಾಗದವನಲ್ಲ ಅಲ್ಲವೆ ಸಾರ್?" ಎಂದ. ಅಲ್ಲಪ್ಪ ಎಂದೆ. ಅಂದು ಆಡಿದ ಮಾತಿಗೆ ಕ್ಷಮೆಯನ್ನೂ ಕೇಳಿದೆ.