ತಾಯಿಯ ರಕ್ತ, ಕಂದನ ಬಾಳು
(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಕುಟುಂಬ ದಿನದಂದು ವಿಚಾರಣಾ ಗುರುಗಳು ಮಾಡಿದ ಭಾಷಣ)



ನೂರು ವರ್ಷಗಳಿಂದ ಈ ದೇವಾಲಯಕ್ಕೆ ತಾಯಂದಿರು ತಮ್ಮ ಕಂದಮ್ಮಗಳನ್ನು ಜ್ಞಾನಸ್ನಾನಕ್ಕಾಗಿ ತರುತ್ತಿದ್ದಾರೆ. ನಾವು ಮಗುವಿನ ಹೆಸರನ್ನು ಕೇಳುತ್ತೇವೆ. ಜ್ಞಾನ ತಂದೆತಾಯಿಯರ ಹೆಸರನ್ನು ಬರೆದುಕೊಳ್ಳುತ್ತೇವೆ. ಅದನ್ನು ಹೊತ್ತ ಒಂಬತ್ತು ತಿಂಗಳು ಆ ತಾಯಿ ಏನು ಉಂಡಳೆಂದು ಮಾತ್ರ ನಾವು ಕೇಳಿದವರಲ್ಲ.

ಕೆಲವು ವರ್ಷಗಳ ಹಿಂದೆ ನಡುರಾತ್ರಿಯಲ್ಲಿ ಆಸ್ಪತ್ರೆಯಿಂದ ಕರೆ ಬಂದಿತು. ದಿನ ತುಂಬುವ ಮೊದಲೇ ಜನಿಸಿದ, ಎರಡು ಕಿಲೋ ಸಹ ತೂಗದ ಶಿಶುವಿಗೆ ತುರ್ತಾಗಿ ಜ್ಞಾನಸ್ನಾನ ಕೊಟ್ಟೆವು. ದೇವರ ದಯೆಯಿಂದಲೂ ದಾದಿಯರ ಆರೈಕೆಯಿಂದಲೂ ಮಗು ಉಳಿಯಿತು. ಬಳಿಕ ಆ ಮನೆಗೆ ಹೋದಾಗ, ಪೀಠದ ಮೇಲೆ ಮಾತೆ ಮರಿಯಮ್ಮನವರ ಸ್ವರೂಪದ ಹಿಂದೆ, ಒಡೆಯದೆ ಉಳಿದ ಕಬ್ಬಿಣಾಂಶದ ಮಾತ್ರೆಗಳನ್ನು ಕಂಡೆವು. ರಕ್ತಹೀನತೆಯೊಂದೇ ಕಾರಣವೆಂದು ವೈದ್ಯರು ಹೇಳಲಿಲ್ಲ. ತಡೆಯಬಹುದಾಗಿದ್ದ ಕಾರಣಗಳಲ್ಲಿ ಅದೂ ಒಂದೆಂದರು.

ಗರ್ಭಿಣಿಯ ರಕ್ತದಲ್ಲಿ ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಾದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ಈ ಕೊರತೆಯಿದೆ. ಇದು ತೀವ್ರವಾದರೆ ಮಗು ಅಕಾಲದಲ್ಲಿ ಜನಿಸಬಹುದು, ತೂಕ ಕಡಿಮೆಯಾಗಬಹುದು. ಹೆರಿಗೆಯಲ್ಲಿ ರಕ್ತ ಹೋದರೆ ತಾಯಿಯ ಪ್ರಾಣಕ್ಕೂ ಅಪಾಯ. ಹುಟ್ಟಿದ ಮೊದಲ ಆರು ತಿಂಗಳಿಗೆ ಬೇಕಾದ ಕಬ್ಬಿಣಾಂಶದ ಬಹುಪಾಲನ್ನು ಶಿಶುವು ಗರ್ಭದಲ್ಲಿರುವಾಗಲೇ ತಾಯಿಯಿಂದ ಪಡೆದಿರಬೇಕು. ಬರಿದಾದ ಕಣಜದಿಂದ ಅಳೆದು ಕೊಡುವುದೆಂತು?

1970ರಿಂದಲೇ ಸರ್ಕಾರವು ಈ ಮಾತ್ರೆಗಳನ್ನು ಹಂಚುತ್ತ ಬಂದಿದೆ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ನುಂಗಬೇಕು. ಕಾಫಿ, ಚಹಾದೊಡನೆ ಬೇಡ. ನಿಂಬೆ ಪಾನಕದೊಡನೆ ಸೇವಿಸಿದರೆ ಚೆನ್ನಾಗಿ ಮೈಗೂಡುತ್ತದೆ. ಮಲ ಕಪ್ಪಾದರೆ ಅಂಜಬೇಕಾಗಿಲ್ಲ. ಓಕರಿಕೆ ಬಂದರೆ ಮಾತ್ರೆಯನ್ನು ಬಿಸಾಡದೆ ವೈದ್ಯರನ್ನು ಕೇಳಿರಿ. ಸೊಪ್ಪು, ಕಾಳು, ಮೀನು, ಮಾಂಸ ಇವೂ ಅವಳ ತಟ್ಟೆಗೆ ಬರಲಿ.

ಆದರೆ ಮಾತ್ರೆ ಮನೆಯವರೆಗೆ ಬಂದರೆ ಸಾಲದು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದುದನ್ನು ಉಣ್ಣುವ ಸೊಸೆಗೆ ಮೀನಿನ ತುಂಡು ಉಳಿಯುವುದಿಲ್ಲ. ಹೆಚ್ಚು ಉಂಡರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುವುದೆಂಬ ಮಾತನ್ನು, ಪ್ರಿಯ ಅತ್ತೆಯಂದಿರೇ, ಇಂದಿಗೇ ಬಿಟ್ಟುಬಿಡಿ. ಗಂಡಂದಿರೇ, ರಾತ್ರಿಯ ಜಪಮಾಲೆ ಮುಗಿದೊಡನೆ ಆ ಮಾತ್ರೆಯನ್ನೂ ನೀರನ್ನೂ ನಿಮ್ಮ ಕೈಯಿಂದಲೇ ಕೊಡಿ. ತಪಸ್ಸುಕಾಲದ ಉಪವಾಸದ ನಿಯಮವು ಬಸುರಿಯನ್ನೂ ಹಾಲೂಡಿಸುವ ತಾಯಿಯನ್ನೂ ಕಟ್ಟುವುದಿಲ್ಲ. ಧರ್ಮಸಭೆ ಕೇಳದ ತ್ಯಾಗವನ್ನು ಮನೆಯವರು ಕೇಳದಿರಲಿ.

ಗರ್ಭಿಣಿ ಎಲಿಜಬೇತಮ್ಮನವರ ಮನೆಗೆ ಮಾತೆ ಮರಿಯಮ್ಮನವರು ಬೆಟ್ಟದ ದಾರಿ ನಡೆದು ಹೋಗಿ, ಸುಮಾರು ಮೂರು ತಿಂಗಳು ಅಲ್ಲಿ ತಂಗಿದರು. ನಮಗೆ ಅಷ್ಟು ದೂರದ ದಾರಿಯಿಲ್ಲ. ನಮ್ಮದೇ ಅಡಿಗೆಮನೆಯವರೆಗೆ ನಡೆದರೆ ಸಾಕು. ಮುಂದಿನ ಜ್ಞಾನಸ್ನಾನದಂದು ನಾವು ಖಂಡಿತವಾಗಿ ಆ ಪ್ರಶ್ನೆಯನ್ನು ಕೇಳುತ್ತೇವೆ. ಉತ್ತರವನ್ನು ಇಡೀ ಕುಟುಂಬವೇ ಸಿದ್ಧಪಡಿಸಿಕೊಂಡು ಬರಲಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.