ಮಾಟುಂಗಾದಲ್ಲಿ ಒಂದು ನಿಧಾನದ ಊಟ

ನಾನು, ನನ್ನ ಹೆಂಡತಿ ಇಬ್ಬರೂ ಪುಣೆಯಲ್ಲಿ ಐಟಿ ಕೆಲಸದಲ್ಲಿದ್ದೀವಿ. ಅವಳಿಗೆ ಅಮೆರಿಕದ ಶಿಫ್ಟ್, ನನಗೆ ಬೆಳಗ್ಗೆಯೇ ಮೀಟಿಂಗ್. ಒಂದೇ ಮನೇಲಿದ್ರೂ ಮಾತು ವಾಟ್ಸಾಪ್‌ನಲ್ಲೇ. ನಿಮ್ಮಲ್ಲೂ ಎಷ್ಟೋ ಮನೆಗಳ ಕಥೆ ಇದೇ ಅಲ್ವಾ?

ಕಳೆದ ತಿಂಗಳು ಒಂದು ಶನಿವಾರ ಡೆಕ್ಕನ್ ಕ್ವೀನ್ ಹತ್ತಿ ಮುಂಬೈಗೆ ಹೋದ್ವಿ. 1930ರಿಂದ ಓಡ್ತಿರೋ ಗಾಡಿ. ಊಟದ ಬೋಗಿ ಇವತ್ತಿಗೂ ಇದೆ. ಲ್ಯಾಪ್‌ಟಾಪ್ ತರಬಾರದು ಅಂತ ಮೊದಲೇ ಒಪ್ಪಂದ. ಸಂಜೆ ಮರೀನ್ ಡ್ರೈವ್‌ನಲ್ಲಿ ಕೂತಿದ್ದು, ಕತ್ತಲಾದ ಮೇಲೆ ಲೋಕಲ್ ಹಿಡಿದು ಮಾಟುಂಗಾಗೆ ಬಂದ್ವಿ. ಸೆಂಟ್ರಲ್ ಲೈನಿನ ಸ್ಟೇಷನ್ ಹತ್ತಿರವೇ, ಮೊದಲ ಮಹಡಿಯಲ್ಲಿ, ರಾಮ ನಾಯಕರು 1942ರಲ್ಲಿ ಶುರುಮಾಡಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ.

ಬಾಳೆಎಲೆ ಮೇಲೆ ಪಲ್ಯ, ಅನ್ನ, ಸಾರು, ಹಪ್ಪಳ. ನೋಡಿ, ಬಲಗೈ ಸಾರನ್ನದಲ್ಲಿದ್ದಾಗ ಫೋನ್ ಮುಟ್ಟೋದಾದ್ರೂ ಹೇಗೆ? ಎರಡನೇ ಸಲ ಸಾರು ಹಾಕಿಸಿಕೊಂಡಾಗ ಅವಳು ಮೆಲ್ಲಗೆ ಹೇಳಿದ್ಲು: "ಈ ರಾತ್ರಿ ಪಾಳಿ ಇನ್ನು ನನ್ನ ಕೈಲಾಗಲ್ಲ ಕಣೋ." ಮೂರು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಮಾತಂತೆ. ಮಜ್ಜಿಗೆ ಬರೋ ಹೊತ್ತಿಗೆ ಮನೆ ಸಾಲದ ಕಂತು, ಶಿಫ್ಟ್ ಭತ್ಯೆ ಹೋದ್ರೆ ಎಷ್ಟು ಕಡಿಮೆ ಬೀಳುತ್ತೆ, ಎಲ್ಲಾ ಲೆಕ್ಕ ಹಾಕಿದ್ವಿ. ಸೋಮವಾರವೇ ಹಗಲಿನ ಪ್ರಾಜೆಕ್ಟ್ ಕೇಳೋದು ಅಂತ ತೀರ್ಮಾನ ಆಯ್ತು. ಕೇಳಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ.

ನಾನು ಹೇಳೋದಿಷ್ಟೇ. ದುಬಾರಿ ರೆಸಾರ್ಟ್ ಬೇಕಿಲ್ಲ. ತಿಂಗಳಿಗೊಂದು ರಾತ್ರಿಯಾದ್ರೂ ಎದುರುಬದುರು ಕೂತು, ಮಜ್ಜಿಗೆ ಅನ್ನದವರೆಗೂ ನಿಧಾನವಾಗಿ ಊಟ ಮಾಡಿ. ಕೆಲವು ಮಾತು ಹೊರಗೆ ಬರೋಕೆ ಅಷ್ಟು ಹೊತ್ತು ಬೇಕಾಗುತ್ತೆ.