ಟಿ.ಸಿ. ಎಷ್ಟು ದೂರ?

(ಮೈಸೂರಿನ ರಾಮಕೃಷ್ಣನಗರದಲ್ಲಿ ಸೇರಿದ್ದ ಪಂಪ್‌ಸೆಟ್ ರೈತರ ಮುಂದೆ ಆಡಿದ ಮಾತು)



ಈ ಬಡಾವಣೆಯಲ್ಲಿ ಟಿ.ಸಿ. ಎಷ್ಟು ದೂರ ಅಂತ ಯಾರೂ ಕೇಳುವುದಿಲ್ಲ. ಬೀದಿಯಲ್ಲೇ ನಿಂತಿರುತ್ತದೆ. ನಮ್ಮ ಜಮೀನಿನಲ್ಲಿ ಅದೇ ಮೊದಲ ಪ್ರಶ್ನೆ. 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ಸರ್ಕಾರ ಕರೆಂಟು ಪುಕ್ಕಟೆ ಕೊಡುತ್ತದೆ, ಸರಿ. ಸುಟ್ಟ ಮೋಟಾರಿಗೆ ಕಾಯಿಲ್ ಸುತ್ತುವವನು ಪುಕ್ಕಟೆ ಸುತ್ತುತ್ತಾನೆಯೆ? ಅದಕ್ಕೆ ಕೈಸಾಲ, ಸಾಲಕ್ಕೆ ಬಡ್ಡಿ, ಅಷ್ಟರಲ್ಲಿ ಪೈರು ಬಾಡಿರುತ್ತದೆ. ಈ ಸಾಲ ಯಾವ ಬ್ಯಾಂಕಿನ ಲೆಕ್ಕಕ್ಕೂ ಬರುವುದಿಲ್ಲ.

ಮೋಟಾರು ಏಕೆ ಸುಡುತ್ತದೆ? ಲೆಕ್ಕ ಹಾಕೋಣ, ಹೈಸ್ಕೂಲಿನ ಗಣಿತ ಸಾಕು.

5 ಎಚ್.ಪಿ. ಮೋಟಾರು ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ಲೈನಿನ ಕೊನೆಯಲ್ಲಿ ಎಂಟು ಮೋಟಾರಿದ್ದರೆ 60 ಆಯಿತು. 63 ಕೆ.ವಿ.ಎ. ಟಿ.ಸಿ. 84ರವರೆಗೆ ತಾಳುತ್ತದೆ, ಅದರ ಮೇಲೆ ತಪ್ಪು ಹೊರಿಸಬೇಡಿ. ಹೊರೆ ಇಲ್ಲದಾಗ ಅದು ಕೊಡುವುದು 433 ವೋಲ್ಟ್. ಈ ಹೊರೆಗೆ ತನ್ನೊಳಗೇ ಸುಮಾರು 12 ನುಂಗುತ್ತದೆ. ಅಲ್ಲಿಂದ ಮುಂದೆ ಅರ್ಧ ಕಿಲೋಮೀಟರ್ ತಂತಿ. ಲೈನ್‌ಮನ್‌ಗಳು ರ್ಯಾಬಿಟ್ ಎನ್ನುವ ತಂತಿಯಾದರೆ, ರೋಧವೂ ರಿಯಾಕ್ಟೆನ್ಸೂ ಸೇರಿ ಕಿಲೋಮೀಟರಿಗೆ ಸುಮಾರು 0.65 ಓಂ ಹಿಡಿಯಿರಿ. 1.732 × 60 × 0.65 × 0.5. ಸುಮಾರು 34 ವೋಲ್ಟ್ ದಾರಿಯಲ್ಲೇ ಹೋಯಿತು. ಮೋಟಾರಿಗೆ ಸಿಕ್ಕಿದ್ದು 387. ವೋಲ್ಟೇಜು ಶೇಕಡಾ 6ಕ್ಕಿಂತ ಹೆಚ್ಚು ಇಳಿಯಬಾರದು ಅಂತ 1956ರ ವಿದ್ಯುತ್ ನಿಯಮಗಳಲ್ಲೇ ಇತ್ತು. 415ರ ಲೆಕ್ಕಕ್ಕೆ ಅದು 390.

ಇದಿಷ್ಟೂ 11 ಕೆ.ವಿ. ಲೈನಿನಲ್ಲಿ ಪೂರ್ತಿ 11,000 ಇದ್ದಾಗಿನ ಮಾತು. ಟಿ.ಸಿ. ಏನನ್ನೂ ಹುಟ್ಟಿಸುವುದಿಲ್ಲ, ಬಂದದ್ದನ್ನು 25.4ರಿಂದ ಭಾಗಿಸುತ್ತದೆ, ಅಷ್ಟೆ. ಮೇಲೆ 10,000 ಬಂದರೆ ಕೆಳಗೆ 394. ಅದರಲ್ಲಿ ಆ 46 ಕಳೆದರೆ 348! ಮೋಟಾರಿನ ತಿರುಗುವ ಬಲ ವೋಲ್ಟೇಜಿನ ವರ್ಗದಂತೆ ಇಳಿಯುತ್ತದೆ, ನೂರಿದ್ದದ್ದು ಎಪ್ಪತ್ತಾಗುತ್ತದೆ. ಬಾವಿಯ ನೀರಿನ ಭಾರ ಇಳಿಯುತ್ತದೆಯೆ? ಮೋಟಾರು ಇನ್ನಷ್ಟು ಆಂಪಿಯರ್ ಎಳೆಯುತ್ತದೆ, ಅದರಿಂದ ವೋಲ್ಟೇಜು ಇನ್ನಷ್ಟು ಬೀಳುತ್ತದೆ, ಕಾಯಿಲ್ ಕಾದು ಸುಡುತ್ತದೆ.

ಗುಟ್ಟು ಇರುವುದು ಇಲ್ಲಿ. 11 ಕೆ.ವಿ. ಲೈನಿನ ರೋಧವನ್ನು ನಮ್ಮ ಮೋಟಾರಿನ ಕಡೆಯಿಂದ ಎಣಿಸುವಾಗ 25.4ರ ವರ್ಗದಿಂದ, ಅಂದರೆ 645ರಿಂದ ಭಾಗಿಸಬೇಕು. ನಮ್ಮ ಎಂಟು ಮೋಟಾರಿನ ಹೊರೆಗೆ, ಅದೇ ತಂತಿಯ 645 ಮೀಟರ್ 11 ಕೆ.ವಿ. ಲೈನು ತಿನ್ನುವಷ್ಟನ್ನು ಎಲ್.ಟಿ. ಲೈನಿನ ಒಂದೇ ಮೀಟರ್ ತಿನ್ನುತ್ತದೆ! 1902ರಲ್ಲಿ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು ಇದೇ ಉಪಾಯದಿಂದ. ಬಿಳಿಯರ ಕಂಪನಿಯ ಗಣಿಗೆ ಅಂದೇ ಆದದ್ದು ನಮ್ಮ ಬದುವಿಗೆ ಇಂದು ಏಕಾಗದು? ದೊಡ್ಡ ಟಿ.ಸಿ. ಕೇಳುವುದಕ್ಕಿಂತ ಹತ್ತಿರದ ಟಿ.ಸಿ. ಕೇಳಿ: ಮೂರು ನಾಲ್ಕು ಮೋಟಾರಿಗೊಂದು 25 ಕೆ.ವಿ.ಎ. ಕೆಪ್ಯಾಸಿಟರ್ ಹಾಕಿಸಿ ಅಂತಾರೆ ಅಧಿಕಾರಿಗಳು. ಹಾಕಿಸಿ, ಒಳ್ಳೆಯದೇ, ಆ 34 ಇಳಿದು 28 ಆದೀತು. ಉದ್ದ ಮಾತ್ರ ಹಾಗೇ ಇರುತ್ತದೆ.

ಅರ್ಜಿಯಲ್ಲಿ ‘ಕರೆಂಟು ಸರಿಯಿಲ್ಲ’ ಅಂತಷ್ಟೇ ಬರೆಯಬೇಡಿ. ಎಲ್ಲ ಮೋಟಾರು ಓಡುವ ಹೊತ್ತಿನಲ್ಲಿ ಲೈನ್‌ಮನ್‌ನಿಂದಲೇ ಟಿ.ಸಿ. ಬಳಿ ಒಮ್ಮೆ, ನಿಮ್ಮ ಮೋಟಾರಿನ ಬಳಿ ಒಮ್ಮೆ ವೋಲ್ಟೇಜು ಅಳತೆ ಮಾಡಿಸಿ. ನೀವಾಗಿ ಟಿ.ಸಿ. ಮುಟ್ಟಬೇಡಿ. ಆ ಎರಡು ಅಂಕಿ, ತಂತಿಯ ಉದ್ದ, ಮೋಟಾರುಗಳ ಲೆಕ್ಕ ಬರೆದು ಕೊಟ್ಟು, ನಕಲಿನ ಮೇಲೆ ತಾರೀಖಿನ ಮೊಹರು ಒತ್ತಿಸಿಕೊಂಡೇ ಕಚೇರಿಯಿಂದ ಹೊರಗೆ ಬನ್ನಿ.